ಹೊಲ ನಿಮ್ಮದು, ನೆಲದಡಿಯ ತೈಲ ಯಾರದು?



ಅಂತರ್ಜಲವನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಮ್ಮ ತಂಡ ಒಮ್ಮೆ ಕೋಲಾರದ ಕಡೆಯ ಹಳ್ಳಿಗೆ ಹೋಗಿತ್ತು. ಹಿರಿಯ ರೈತರೊಬ್ಬರು ಒಣಗಿದ ಬಾವಿಯನ್ನು ತೋರಿಸಿ, "ಪಕ್ಕದೋರು ಸಾವಿರ ಅಡಿ ಕೊರೆಸಿದ್ರು. ನಮ್ಮ ನೀರು ಅವರ ಪೈಪಿನಾಗೆ ಹೋಯ್ತು. ಇದಕ್ಕೆ ಕಾನೂನು ಇಲ್ಲವಾ ಸ್ವಾಮಿ?" ಎಂದು ಕೇಳಿದರು. ಇದೇ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ರೈತರು ಕೇಳಿದ್ದರು. ಅವರು ಕೇಳಿದ್ದು ನೀರಿನ ವಿಷಯದಲ್ಲಲ್ಲ, ತೈಲದ ವಿಷಯದಲ್ಲಿ.

1859ರ ಆಗಸ್ಟ್ 27ರಂದು ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಬಳಿ ಎಡ್ವಿನ್ ಡ್ರೇಕ್ ಎಂಬಾತ ಕೊರೆಸಿದ ಬಾವಿಯಲ್ಲಿ, ಸುಮಾರು 69 ಅಡಿ ಆಳದಲ್ಲಿ, ಖನಿಜ ತೈಲ ಸಿಕ್ಕಿತು. ಅಮೆರಿಕದಲ್ಲಿ ಭೂಮಿಯ ಒಡೆಯನಿಗೇ ನೆಲದಡಿಯ ಖನಿಜದ ಒಡೆತನವೂ ಇತ್ತು. ಕಲ್ಲಿದ್ದಲಿನ ವಿಷಯದಲ್ಲಿ ಇದರಿಂದ ತೊಡಕಿರಲಿಲ್ಲ. ಕಲ್ಲಿದ್ದಲು ಇದ್ದಲ್ಲೇ ಇರುತ್ತದೆ, ಆದರೆ ತೈಲ ಮತ್ತು ಅನಿಲ ಹರಿಯುತ್ತವೆ. ನಿಮ್ಮ ಹೊಲದಡಿಯ ತೈಲ ನೆರೆಯವನ ಬಾವಿಯಿಂದ ಮೇಲೆ ಬಂದರೆ ಅದು ಯಾರದು?

1889ರಲ್ಲಿ ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯ ಒಂದು ವಿಚಿತ್ರವಾದ ಹೋಲಿಕೆ ಕೊಟ್ಟಿತು. ತೈಲವೂ ಅನಿಲವೂ ಕಾಡುಪ್ರಾಣಿಗಳಂತೆ ಎಂದಿತು. ಜಿಂಕೆ ನಿಮ್ಮ ಹೊಲದಲ್ಲಿರುವವರೆಗೆ ನಿಮ್ಮದು. ಬೇಲಿ ದಾಟಿ ಹೋಗಿ ಬೇರೊಬ್ಬನ ಕೈಗೆ ಸಿಕ್ಕರೆ ಅದು ಅವನದು. ಹಿಡಿದವನೇ ಒಡೆಯ ಎಂಬ ಈ ನಿಯಮದ ಬೇರು 1843ರಷ್ಟು ಹಿಂದೆ, ಅಂತರ್ಜಲವನ್ನು ಕುರಿತ ಇಂಗ್ಲೆಂಡಿನ ತೀರ್ಪೊಂದರಲ್ಲಿದೆ.

ಇದರ ಪರಿಣಾಮವನ್ನು ನೀವೇ ಊಹಿಸಬಹುದು. ತೈಲ ಉಳಿಸಿಕೊಳ್ಳಲು ಇದ್ದದ್ದು ಒಂದೇ ದಾರಿ, ನೆರೆಯವನಿಗಿಂತ ಮೊದಲು ಮತ್ತು ಅವನಿಗಿಂತ ಹೆಚ್ಚು ಬಾವಿ ಕೊರೆಯುವುದು. ಕೊರೆಯುವ ಹಣ ರೈತನ ಬಳಿ ಇರುತ್ತಿರಲಿಲ್ಲ. ಆತ ಕಂಪನಿಗೆ ಭೂಮಿಯನ್ನು ಗುತ್ತಿಗೆ ಕೊಟ್ಟು, ಬಂದ ತೈಲದಲ್ಲಿ ರೂಢಿಯಂತೆ ಎಂಟನೆಯ ಒಂದು ಪಾಲನ್ನು ರಾಯಧನವಾಗಿ ಪಡೆಯುತ್ತಿದ್ದ. ಖನಿಜದ ಹಕ್ಕನ್ನೇ ಪೂರ್ತಿ ಮಾರಿಕೊಂಡವರೂ ಇದ್ದರು. ಮುಂದೆ ಅವರ ಮಕ್ಕಳ ಹೊಲದಲ್ಲಿ ಯಂತ್ರಗಳು ಬಂದು ನಿಂತಾಗ, ತೈಲ ತೆಗೆಯಲು ಅಗತ್ಯವಿದ್ದಷ್ಟು ನೆಲ ಬಳಸುವುದನ್ನು ತಡೆಯಲು ಅವರಿಗೆ ಅಧಿಕಾರವಿರಲಿಲ್ಲ.

ಈ ಪೈಪೋಟಿಯಲ್ಲಿ ತೈಲವೂ ಹಾಳಾಯಿತು. ನೆಲದಡಿಯಲ್ಲಿ ತೈಲ ಕೆರೆಯಂತೆ ನಿಂತಿರುವುದಿಲ್ಲ. ಇಟ್ಟಿಗೆ ನೀರು ಹೀರಿಕೊಂಡಂತೆ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಸೇರಿಕೊಂಡಿರುತ್ತದೆ. ಅದನ್ನು ಮೇಲಕ್ಕೆ ತಳ್ಳುವುದು ಅನಿಲ ಮತ್ತು ನೀರಿನ ಒತ್ತಡ. ಸೋಡಾ ಬಾಟಲಿಯ ಮುಚ್ಚಳ ಒಮ್ಮೆಲೇ ತೆಗೆದರೆ ಅನಿಲ ನುಗ್ಗಿ ಹೊರಬರುತ್ತದೆಯಲ್ಲವೆ? ಒಂದೇ ನಿಕ್ಷೇಪಕ್ಕೆ ನೂರಾರು ತೂತು ಬಿದ್ದರೆ ಆಗುವುದೂ ಅದೇ. ಒತ್ತಡ ಕುಸಿದು ಬಹುಪಾಲು ತೈಲ ಕಲ್ಲಿನಲ್ಲೇ ಉಳಿದುಬಿಡುತ್ತದೆ. ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ 1901ರ ಜನವರಿ 10ರಂದು ತೈಲ ಚಿಮ್ಮಿತು. 1902ರಲ್ಲಿ ಅಲ್ಲಿ ಸುಮಾರು 1 ಕೋಟಿ 75 ಲಕ್ಷ ಬ್ಯಾರೆಲ್ ತೈಲ ದೊರೆಯಿತು. 1904ರ ಹೊತ್ತಿಗೆ ಉತ್ಪಾದನೆ ದಿನಕ್ಕೆ 10,000 ಬ್ಯಾರೆಲ್‌ಗೆ ಇಳಿದಿತ್ತು.

1919ರಲ್ಲಿ ಟೆಕ್ಸಾಸ್ ಒಂದು ನಿಯಮ ತಂದಿತು. ಬಾವಿಯಿಂದ ಬಾವಿಗೆ 300 ಅಡಿ, ಗಡಿಯಿಂದ 150 ಅಡಿ ಅಂತರವಿರಬೇಕು ಎಂಬುದೇ ಆ ನಿಯಮ. ಆದರೆ ವಿನಾಯಿತಿಗಳು ಬಹಳ. 1930ರ ಅಕ್ಟೋಬರಿನಲ್ಲಿ ಪೂರ್ವ ಟೆಕ್ಸಾಸಿನ ಹೊಲವೊಂದರಲ್ಲಿ ಅಪಾರ ನಿಕ್ಷೇಪ ಸಿಕ್ಕಾಗ ಮತ್ತೆ ಅದೇ ಧಾವಂತ. ಬ್ಯಾರೆಲ್ಲಿಗೆ ಒಂದು ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1931ರಲ್ಲಿ 15 ಸೆಂಟಿಗೂ ಕೆಳಗೆ ಬಿತ್ತು. ಎಂಟನೆಯ ಒಂದು ಪಾಲನ್ನು ನಂಬಿದ್ದ ರೈತನಿಗೆ ಏನು ಉಳಿದೀತು? 1931ರ ಆಗಸ್ಟ್ 17ರಂದು ರಾಜ್ಯಪಾಲ ರಾಸ್ ಸ್ಟರ್ಲಿಂಗ್ ಸೇನಾ ಕಾನೂನು ಘೋಷಿಸಿ ಸೈನಿಕರನ್ನು ತೈಲಕ್ಷೇತ್ರಕ್ಕೆ ಕಳಿಸಿದರು. ಇದು ಸರಿಯಲ್ಲವೆಂದು 1932ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಬಂದೂಕಿನಿಂದ ಆಗದ ಕೆಲಸವನ್ನು ಕೊನೆಗೆ ಶಾಸನ ಮಾಡಬೇಕಾಯಿತು. ಪ್ರತಿ ಬಾವಿಗೂ ಉತ್ಪಾದನೆಯ ಮಿತಿ ಬಂತು. ಮಿತಿ ಮೀರಿ ತೆಗೆದ ತೈಲವನ್ನು ರಾಜ್ಯದ ಹೊರಗೆ ಸಾಗಿಸುವುದನ್ನು 1935ರ ಕೇಂದ್ರ ಕಾಯಿದೆ ನಿಷೇಧಿಸಿತು. ಕಾಲಕ್ರಮದಲ್ಲಿ ಹಲವು ರಾಜ್ಯಗಳು ಇಡೀ ನಿಕ್ಷೇಪವನ್ನು ಒಂದೇ ಘಟಕವೆಂದು ಭಾವಿಸಿ, ಒಡೆಯರೆಲ್ಲರಿಗೂ ಪಾಲು ಹಂಚುವ ಪದ್ಧತಿಗೆ ಬಂದವು.

ನಮ್ಮ ದೇಶ ಹಿಡಿದ ದಾರಿ ಬೇರೆ. 1948ರ ತೈಲಕ್ಷೇತ್ರ ಕಾಯಿದೆಯ ವ್ಯವಸ್ಥೆಯಲ್ಲಿ ಗುತ್ತಿಗೆ ಕೊಡುವುದು ಸರ್ಕಾರ, ರಾಯಧನ ಸೇರುವುದೂ ಸರ್ಕಾರಕ್ಕೆ. ರೈತನಿಗೆ ಸಿಗುವುದು ನೆಲದ ಮೇಲ್ಮೈಗೆ ಪರಿಹಾರ ಮಾತ್ರ. ಹೀಗಾಗಿ ಅಮೆರಿಕದಂಥ ಪೈಪೋಟಿ ಇಲ್ಲಿಲ್ಲ, ಪಾಲೂ ಇಲ್ಲ. ಕೊಳವೆ ಮಾರ್ಗಗಳಿಗೆ 1962ರ ಕಾಯಿದೆ ಇದೆ. ದಾಭೋಲ್‌ನಿಂದ ಬೆಳಗಾವಿ, ಧಾರವಾಡಗಳ ಮೂಲಕ ಬೆಂಗಳೂರಿನ ಕಡೆಗೆ ಬರುವ ಅನಿಲ ಕೊಳವೆಯಂಥವು ಹೊಲದಡಿಯಲ್ಲಿ ಹಾಯುವಾಗ ಹೊಲ ರೈತನದೇ ಆಗಿ ಉಳಿಯುತ್ತದೆ. ಆದರೆ ಆ ಪಟ್ಟಿಯಲ್ಲಿ ಆತ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆ ನಷ್ಟಕ್ಕೆ ಕೊಡುವ ಪರಿಹಾರದ ಹೊರತಾಗಿ, ಬಳಕೆಯ ಹಕ್ಕಿಗೆ ಕಾಯಿದೆ ಗೊತ್ತುಮಾಡಿದ್ದು ಆ ಭೂಮಿಯ ಮಾರುಕಟ್ಟೆ ಬೆಲೆಯ ಶೇಕಡ 10.

ಈಗ ಕೋಲಾರದ ಆ ರೈತರ ಪ್ರಶ್ನೆಗೆ ಬರೋಣ. ತೈಲದ ವಿಷಯದಲ್ಲಿ ನಾವು ಬಿಟ್ಟ ಆ ಹಳೆಯ ನಿಯಮ ನೀರಿನ ವಿಷಯದಲ್ಲಿ ಉಳಿದುಬಂದಿದೆ. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ಭೂಮಾಲೀಕ ತನ್ನ ಗಡಿಯೊಳಗೆ ಎತ್ತಿಕೊಳ್ಳಬಹುದು. ಕರ್ನಾಟಕದ 2011ರ ಅಂತರ್ಜಲ ಕಾಯಿದೆ, ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆ ಬಾವಿ ಕೊರೆಯಲು ಅನುಮತಿ ಬೇಕೆನ್ನುತ್ತದೆ. ಆದರೆ ಕೆಳಗಿನ ನೀರನ್ನು ನೆರೆಹೊರೆಯವರೆಲ್ಲ ಹಂಚಿಕೊಳ್ಳಬೇಕಾದ ಒಂದೇ ಗಂಟೆಂದು ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಅಮೆರಿಕದ ತೈಲಕ್ಷೇತ್ರಗಳು ಈ ಪಾಠ ಕಲಿಯಲು ಸುಮಾರು ಎಪ್ಪತ್ತೈದು ವರ್ಷ ಬೇಕಾಯಿತು. ತೈಲ ಮುಗಿದರೆ ಬೇರೆ ಇಂಧನ ಹುಡುಕಬಹುದು. ನೀರಿಗೆ ಬದಲಿ ಏನಿದೆ? ನಿಮ್ಮ ಊರಿನಲ್ಲಿ ಎಷ್ಟು ಕೊಳವೆ ಬಾವಿಗಳಿವೆ, ಹತ್ತು ವರ್ಷದ ಹಿಂದೆ ಎಷ್ಟು ಅಡಿಗೆ ನೀರು ಸಿಗುತ್ತಿತ್ತು, ಈಗ ಎಷ್ಟು ಅಡಿಗೆ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಆ ಲೆಕ್ಕ ನಿಮ್ಮ ಕೈಯಲ್ಲಿದ್ದರೆ, ಆ ರೈತರ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಅಲ್ಲಿಂದಲೇ ಶುರುವಾದಂತೆ.