ಎಡಬಲವರಿತ ಅಲೆ

ಜರ್ಮನಿಯ ಪಶ್ಚಿಮದ ಅಂಚಿನಲ್ಲಿ, ಆಖೆನ್ ಮತ್ತು ಕೊಲೋನ್ ನಗರಗಳ ನಡುವೆ, ಯೂಲಿಷ್ ಎಂಬ ಸಣ್ಣ ಊರೊಂದುಂಟು. ರೋಮನರ ಕಾಲದಿಂದ ಬಾಳಿಬಂದು, 1944ರ ನವೆಂಬರಿನ ಬಾಂಬುದಾಳಿಯಲ್ಲಿ ಬಹುಮಟ್ಟಿಗೆ ನೆಲಸಮವಾದ ಆ ಊರಿನ ಬಳಿ 1956ರಲ್ಲಿ ಸ್ಥಾಪಿತವಾದ ಸಂಶೋಧನಕೇಂದ್ರವು ಪರಮಾಣುಶಕ್ತಿಯ ಸಲುವಾಗಿ ಹುಟ್ಟಿದ್ದಾದರೂ, ಕಾಂತವಸ್ತುಗಳ ಮೈಮೇಲೆ ಅಗೋಚರವಾಗಿ ಸಂಚರಿಸುವ, ಎಡಬಲಗಳ ಭೇದವನ್ನರಿತ ಅಲೆಯೊಂದರ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯವಾದ ಅಧ್ಯಾಯವು ಅಲ್ಲಿಯೇ ನಡೆಯಿತು.

ಅಲೆಯ ಜನ್ಮವಾದರೋ ಕಾಗದದ ಮೇಲೆ. ಕಾವೇರಿದಂತೆಲ್ಲ ಅಯಸ್ಕಾಂತದ ಬಲವು ಕುಂದುವುದೇಕೆಂಬುದನ್ನು ವಿಚಾರಿಸುತ್ತಿದ್ದ ಫೆಲಿಕ್ಸ್ ಬ್ಲಾಖ್, 1930ರಲ್ಲಿ, ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಅಯಸ್ಕಾಂತದೊಳಗಣ ಪರಮಾಣುಗಳು ಪುಟ್ಟ ಬುಗುರಿಗಳಂತೆ ವರ್ತಿಸುವುವೆಂದೂ, ಒಂದು ವಾಲಿದರೆ ನೆರೆಯದನ್ನು ವಾಲಿಸಿ ಆ ವಾಲುವಿಕೆಯು ಸಾಲುಸಾಲಾಗಿ ಹರಿಯುವುದೆಂದೂ ತೋರಿಸಿದರು. ಇದೇ ಸ್ಪಿನ್ ತರಂಗ. ನಮ್ಮ ಬೀದಿಯ ಬುಗುರಿಯು ದಾರ ಸುತ್ತಿದ ಹುಡುಗನು ಬಲಗೈಯವನೋ ಎಡಚನೋ ಎಂಬುದನ್ನನುಸರಿಸಿ ಅತ್ತಲೋ ಇತ್ತಲೋ ತಿರುಗುವುದು. ಅಯಸ್ಕಾಂತದ ಬುಗುರಿಗಳಿಗೆ ಆ ಸ್ವಾತಂತ್ರ್ಯವಿಲ್ಲ. ಕಾಂತಕ್ಷೇತ್ರದ ದಿಕ್ಕು ಗೊತ್ತಾದೊಡನೆ ಅವು ಓಲಾಡುತ್ತ ಸುತ್ತುವ ದಿಕ್ಕೂ ಗೊತ್ತಾದಂತೆಯೇ. ಅಲ್ಲಿ ದಾರ ಸುತ್ತುವವನು ಸದಾ ಒಬ್ಬನೇ.

ಕನ್ನಡಿಯೊಳಗಣ ತನ್ನ ಬಿಂಬದೊಡನೆ ಹೊಂದಿಕೊಳ್ಳದ ಇಂತಹ ಆಕಾರಕ್ಕೆ ಕೈರಲ್ ಎಂಬ ಹೆಸರನ್ನು ಲಾರ್ಡ್ ಕೆಲ್ವಿನ್ 1893ರಲ್ಲಿ ಆಕ್ಸ್‌ಫರ್ಡಿನ ಉಪನ್ಯಾಸವೊಂದರಲ್ಲಿ ಪ್ರಯೋಗಿಸಿದರು. ಮೂಲವಾದ ಗ್ರೀಕ್ ಶಬ್ದಕ್ಕೆ ಕೈಯೆಂದೇ ಅರ್ಥ. ಕೈರಲ್ ಪದದ ಮೊದಲಕ್ಷರವು ನಮ್ಮ ಕೈಗೆ ಇಷ್ಟು ಸಮೀಪವಾಗಿರುವುದು ಕೇವಲ ಆಕಸ್ಮಿಕವೇ ಆದರೂ, ಕನ್ನಡಿಗನಿಗೆ ಪದವನ್ನು ನೆನಪಿಡಲು ಅದರಿಂದ ಒಂದು ಉಪಕಾರವಾಗಿದೆ.

1961ರಲ್ಲಿ ಡೇಮನ್ ಮತ್ತು ಎಶ್‌ಬ್ಯಾಕ್ ಎಂಬಿಬ್ಬರು ಕಾಂತಫಲಕವೊಂದರ ಸಮತಲದಲ್ಲಿಯೇ ಕ್ಷೇತ್ರವನ್ನು ಕಲ್ಪಿಸಿ, ಅದಕ್ಕೆ ಅಡ್ಡಲಾಗಿ ಸಾಗುವ ಅಲೆಗಳನ್ನು ಲೆಕ್ಕಹಾಕಿದಾಗ ವಿಚಿತ್ರವೊಂದು ಹೊರಬಿದ್ದಿತು: ಮೇಲ್ಮೈಗೆ ಅಂಟಿಕೊಂಡು ಒಳಗಿಳಿದಂತೆ ಕ್ಷೀಣಿಸುವ ಅಲೆಯು ಫಲಕದ ಮೇಲ್ಮುಖದಲ್ಲಿ ಬಲಕ್ಕೆ ಹೊರಟರೆ, ಕೆಳಮುಖದಲ್ಲಿ ಎಡಕ್ಕೇ ಹೊರಡತಕ್ಕದ್ದು. ಪ್ರದಕ್ಷಿಣೆಗೆ ಹೊರಟವನು ಗುಡಿಯ ಒಂದು ಮಗ್ಗುಲಲ್ಲಿ ಮುಂದಕ್ಕೂ ಇನ್ನೊಂದು ಮಗ್ಗುಲಲ್ಲಿ ಹಿಂದಕ್ಕೂ ನಡೆವಂತೆ.

ಯೂಲಿಷ್‌ನಲ್ಲಿ 1972ರಿಂದ ಕೆಲಸಮಾಡುತ್ತಿದ್ದ ಪೀಟರ್ ಗ್ರೂನ್‌ಬರ್ಗ್ ಈ ಅಲೆಯನ್ನು ಬೆಳಕಿನಿಂದ ಹಿಡಿಯಲು ಹೊರಟರು. ವಸ್ತುವಿನೊಳಗಣ ಅಲೆಗೆ ತಾಗಿ ಚದರುವ ಬೆಳಕು ಅತ್ಯಲ್ಪವಾಗಿ ಬಣ್ಣ ಬದಲಿಸುವುದನ್ನು ಬ್ರಿಲ್ವಾಁ 1922ರಲ್ಲಿಯೇ ಊಹಿಸಿದ್ದರು. ಶಬ್ದದ ಅಲೆಗಳ ವಿಷಯದಲ್ಲಿ ಅದನ್ನು ದ್ರವಗಳಲ್ಲಿ ಪರೀಕ್ಷಿಸುವ ಕಾರ್ಯವು 1937ರ ಸುಮಾರಿಗೆ ನಮ್ಮ ಬೆಂಗಳೂರಿನಲ್ಲಿಯೂ, ರಾಮನ್ನರು ಮತ್ತು ಬಿ. ವಿ. ರಾಘವೇಂದ್ರರಾಯರ ಕೈಯಲ್ಲಿ, ನಡೆದಿದ್ದಿತು. ಗ್ರೂನ್‌ಬರ್ಗರು ಆರಿಸಿಕೊಂಡ ಯುರೋಪಿಯಮ್ ಆಕ್ಸೈಡ್ ಸುಮಾರು 70 ಕೆಲ್ವಿನ್ನಿಗಿಂತ ಕೆಳಗೆ ಮಾತ್ರ ಅಯಸ್ಕಾಂತವಾಗುವ ವಸ್ತು. ಬೆಳಕು ಅಲೆಯೊಂದನ್ನೆಬ್ಬಿಸಿ ಶಕ್ತಿ ಕಳೆದುಕೊಂಡರೆ ವರ್ಣಪಟಲದ ಒಂದು ಪಕ್ಕದಲ್ಲಿ ಗೆರೆ, ಇದ್ದ ಅಲೆಯನ್ನು ನುಂಗಿ ಶಕ್ತಿ ಪಡೆದರೆ ಇನ್ನೊಂದು ಪಕ್ಕದಲ್ಲಿ ಗೆರೆ. ಎರಡೂ ಕಾಣಬೇಕೆಂಬುದು ಸಹಜವಾದ ನಿರೀಕ್ಷೆ. 1977ರಲ್ಲಿ ಅವರೂ ಅವರ ಸಹೋದ್ಯೋಗಿಯೂ ಪ್ರಕಟಿಸಿದ ಪಟಲದಲ್ಲಿಯಾದರೋ ಮೇಲ್ಮೈ ಅಲೆಯ ಗೆರೆಯು ಒಂದೇ ಪಕ್ಕದಲ್ಲಿತ್ತು. ಕ್ಷೇತ್ರವನ್ನು ತಿರುವುಮುರುವು ಮಾಡಿದರೆ ಗೆರೆಯು ಮತ್ತೊಂದು ಪಕ್ಕಕ್ಕೆ ಹಾರಿ ಕುಳಿತುಕೊಳ್ಳುತ್ತಿತ್ತು. ಇಂತಹ ಓರೆತನವನ್ನು ಉಪಕರಣದ ದೋಷವೆಂದು ತಳ್ಳಿಹಾಕುವುದು ಎಷ್ಟು ಸುಲಭ! ಆದರೆ ಬೆಳಕು ತಾಗುತ್ತಿದ್ದುದು ಒಂದೇ ಮುಖಕ್ಕೆ, ಆ ಮುಖದಲ್ಲಿ ಅಲೆಗೆ ಇದ್ದುದು ಒಂದೇ ದಾರಿ: ಡೇಮನ್ ಮತ್ತು ಎಶ್‌ಬ್ಯಾಕರ ಲೆಕ್ಕವೇ ಕಣ್ಣೆದುರು ನಿಂತಿತ್ತು.

ಇದೇ ಸಾಧನದಿಂದ 1986ರಲ್ಲಿ ಕಬ್ಬಿಣದ ಎರಡು ಪದರಗಳ ನಡುವೆ ಕ್ರೋಮಿಯಮ್ಮಿನ ತೆಳುಪದರವಿಟ್ಟು ಅಲೆಗಳನ್ನು ಪರೀಕ್ಷಿಸಿ, ಆ ಕಬ್ಬಿಣದ ಪದರಗಳ ಕಾಂತದಿಕ್ಕುಗಳು ಪರಸ್ಪರ ವಿರುದ್ಧವಾಗಿ ನಿಲ್ಲುವುದನ್ನು ಗ್ರೂನ್‌ಬರ್ಗರು ಕಂಡರು. ಅಲ್ಲಿಂದ ಮುಂದಿನ ಕಥೆಯು 2007ರಲ್ಲಿ ಆಲ್ಬೆರ್ ಫೆರ್ ಅವರೊಡನೆ ಹಂಚಿಕೊಂಡ ನೊಬೆಲ್ ಪಾರಿತೋಷಕದವರೆಗೆ ಸಾಗಿತು.

ಎಡಬಲಗಳ ಭೇದಕ್ಕೆ ಇನ್ನೊಂದು ಮೂಲವೂ ಉಂಟು. ನಮ್ಮ ಸಂಡೂರಿನ ಬೆಟ್ಟಗಳನ್ನು ಕೆಂಪಾಗಿಸಿರುವ ಹೆಮಟೈಟ್ ಅದಿರಿನಲ್ಲಿ ಕಾಂತತ್ವವು ಕಿಂಚಿತ್ತಾಗಿ ಉಳಿಯುವುದೇಕೆಂದು ಚಿಂತಿಸುತ್ತ, 1957ರಲ್ಲಿ ರಷ್ಯದ ಜ್ಯಾಲೊಶಿನ್ಸ್ಕಿ, ನೆರೆಹೊರೆಯ ಬುಗುರಿಗಳನ್ನು, ಎಂದರೆ ಸ್ಪಿನ್ನುಗಳನ್ನು, ಒಂದೇ ಪಕ್ಕಕ್ಕೆ ತುಸು ತಿರುಚುವ ಬಲವೊಂದುಂಟೆಂದು ಊಹಿಸಿದರು. 1960ರಲ್ಲಿ ಜಪಾನಿನ ಮೋರಿಯ ಅದರ ಕಾರಣವನ್ನು ವಿವರಿಸಿದರು. ಭಾರಲೋಹದ ಮೇಲೆ ಅತಿತೆಳುವಾದ ಅಯಸ್ಕಾಂತವನ್ನು ಹೊದಿಸಿದರೆ, ಮೇಲು ಕೆಳಗುಗಳ ಸಾಮ್ಯವು ತಪ್ಪಿ ಈ ತಿರುಚು ಪ್ರಬಲವಾಗುವುದು. ಆಗ ಸಮಾನ ಉದ್ದದ ಎರಡು ಅಲೆಗಳಲ್ಲಿ ಬಲಕ್ಕೆ ಸಾಗುವುದಕ್ಕೂ ಎಡಕ್ಕೆ ಸಾಗುವುದಕ್ಕೂ ಬೇಕಾಗುವ ಶಕ್ತಿಯೇ ಬೇರೆಬೇರೆಯಾಗುವುದು. ಬುಡಾಪೆಸ್ಟಿನ ಉಡ್ವಾರ್ಡಿ ಮತ್ತು ಸುನ್ಯೋಗ್ 2009ರಲ್ಲಿ ಇದನ್ನು ಗಣಿಸಿ ಮುಂದಿಟ್ಟರು. ಮರುವರ್ಷವೇ ಜರ್ಮನಿಯ ಹಾಲೆ ನಗರದಲ್ಲಿ, ಟಂಗ್‌ಸ್ಟನ್ ಹರಳಿನ ಮೇಲೆ ಎರಡೇ ಪರಮಾಣುಗಳ ದಪ್ಪಕ್ಕೆ ಬೆಳೆಸಿದ ಕಬ್ಬಿಣದ ಮೇಲೆ ಎಲೆಕ್ಟ್ರಾನುಗಳನ್ನು ಸಿಡಿಸಿ ಅಳೆದವರಿಗೆ ಆ ವ್ಯತ್ಯಾಸವು ಸಿಕ್ಕಿತು. ಕಬ್ಬಿಣದ ಕಾಂತದಿಕ್ಕನ್ನು ತಿರುಗಿಸಿದೊಡನೆ, ಯೂಲಿಷ್‌ನ ಗೆರೆಯಂತೆಯೇ, ಇಲ್ಲಿಯೂ ಹೆಚ್ಚು ಕಡಿಮೆಗಳು ತಮ್ಮ ಮಗ್ಗುಲನ್ನು ಬದಲಾಯಿಸಿಕೊಂಡವು.