ಎಚ್‌ಐವಿ ಮತ್ತು ರೋಗನಿರೋಧಕ ಶಕ್ತಿ: ಸಿಡಿ4 ಸಂಖ್ಯೆ ಏನು ಹೇಳುತ್ತದೆ?

ಎಆರ್‌ಟಿ ಕೇಂದ್ರದ ರಿಪೋರ್ಟಿನಲ್ಲಿ ನೀವು ಮುಖ್ಯವಾಗಿ ಎರಡು ಸಂಖ್ಯೆಗಳನ್ನು ನೋಡುತ್ತೀರಿ. ವೈರಲ್ ಲೋಡ್ ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ತಿಳಿಸುತ್ತದೆ. ಸಿಡಿ4 ಎಣಿಕೆ ದೇಹದ ರೋಗನಿರೋಧಕ ಶಕ್ತಿ ಎಷ್ಟು ಉಳಿದಿದೆ ಎಂದು ತಿಳಿಸುತ್ತದೆ.

ಸಿಡಿ4 ಎಂಬುದು ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಇವುಗಳ ಮುಖ್ಯ ಕೆಲಸ ಬೇರೆ ಕಣಗಳನ್ನು ಕೆಲಸಕ್ಕೆ ಹಚ್ಚುವುದು. ಪ್ರತಿಕಾಯ ತಯಾರಿಸುವ ಕಣಗಳಿಗೂ, ಕ್ಷಯದ ರೋಗಾಣುವನ್ನು ನುಂಗಿ ಹಿಡಿದಿಡುವ ಕಣಗಳಿಗೂ ಇವುಗಳಿಂದಲೇ ಸೂಚನೆ ಹೋಗಬೇಕು. ಎಚ್‌ಐವಿ ಹೊಕ್ಕುವುದು ಈ ಸಿಡಿ4 ಕಣಗಳನ್ನೇ. ತನ್ನ ವಂಶವಾಹಿಯನ್ನು ಕಣದ ಡಿಎನ್‌ಎಗೆ ಸೇರಿಸಿ, ಅದೇ ಕಣದಿಂದ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ, ಕಣ ಸಾಯುತ್ತದೆ. ದೇಹ ಹೊಸ ಕಣಗಳನ್ನು ತಯಾರಿಸುತ್ತಲೇ ಇರುವುದರಿಂದ ವರ್ಷಗಟ್ಟಲೆ ಹೊರಗೆ ಏನೂ ಕಾಣದೆ ಇರಬಹುದು. ಆರೋಗ್ಯವಾಗಿದ್ದೇನೆ ಅನ್ನಿಸುವುದು ಸೋಂಕು ಸುಮ್ಮನಿದೆ ಎಂಬುದಕ್ಕೆ ಪುರಾವೆಯಲ್ಲ.

ಆರೋಗ್ಯವಂತ ವಯಸ್ಕರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಸಿಡಿ4 ಕಣಗಳಿರುತ್ತವೆ. ಇದು 200ಕ್ಕಿಂತ ಕೆಳಗಿಳಿದರೆ ಮಿದುಳಿನ ಪೊರೆಗೆ ತಗಲುವ ಶಿಲೀಂಧ್ರ ಸೋಂಕು, ವಿಶೇಷ ಬಗೆಯ ನ್ಯುಮೋನಿಯಾ ಮುಂತಾದವುಗಳ ಅಪಾಯ ಹೆಚ್ಚುತ್ತದೆ. ಕ್ಷಯ ಮಾತ್ರ 200ರ ತನಕ ಕಾಯುವುದಿಲ್ಲ; ಸಿಡಿ4 ಎಷ್ಟೇ ಇರಲಿ ಬರಬಹುದು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಇವುಗಳಲ್ಲಿ ಒಂದು ಕಂಡರೂ ಕೇಂದ್ರದಲ್ಲಿ ಹೇಳಿ.

ಸಿಡಿ4 ಕಳೆದ ಸಲ 520 ಇತ್ತು, ಈಗ 470 ಆಗಿದೆ ಎಂದು ನಿದ್ದೆಗೆಡಬೇಡಿ. ರಕ್ತ ಕೊಟ್ಟ ಹೊತ್ತು, ನೆಗಡಿ, ಬೇರೆ ಸೋಂಕು ಇವುಗಳಿಂದಲೂ ಈ ಸಂಖ್ಯೆ ಏರಿಳಿಯುತ್ತದೆ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವೈರಲ್ ಲೋಡ್ ನೋಡಿ.

ಮಾತ್ರೆ ವೈರಾಣು ಹೆಚ್ಚುವುದನ್ನು ತಡೆಯುತ್ತದೆ, ಸಿಡಿ4 ನಿಧಾನವಾಗಿ ಏರುತ್ತದೆ. ಆದರೆ ಕೆಲವು ಕಣಗಳೊಳಗೆ ವೈರಾಣು ಅಡಗಿ ಉಳಿದಿರುತ್ತದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದು ರಕ್ತಕ್ಕೆ ಮರಳುತ್ತದೆ. ಅಂಗಡಿಯಲ್ಲಿ ಸಿಗುವ ‘ಇಮ್ಯುನಿಟಿ’ ಪುಡಿ, ಕಷಾಯ ಇದಕ್ಕೆ ಬದಲಿಯಲ್ಲ.

ಮನೆಯವರನ್ನು ಹೆಚ್ಚು ಹೆದರಿಸುವ ಸಂಗತಿ ಇನ್ನೊಂದಿದೆ. ಸಿಡಿ4 ತೀರಾ ಕಡಿಮೆಯಿದ್ದಾಗ ಮಾತ್ರೆ ಶುರು ಮಾಡಿದ ಕೆಲವರಿಗೆ ಮೊದಲ ವಾರಗಳಲ್ಲಿ ಜ್ವರ ಬರುತ್ತದೆ, ಕತ್ತಿನ ಗಂಟುಗಳು ಊದಿಕೊಳ್ಳುತ್ತವೆ. ‘ಮಾತ್ರೆ ಒಗ್ಗಲಿಲ್ಲ’ ಎಂದು ನಿಲ್ಲಿಸುವವರಿದ್ದಾರೆ. ಹಲವು ಸಲ ಆಗಿರುವುದು ಬೇರೆಯೇ: ಚೇತರಿಸಿಕೊಂಡ ರೋಗನಿರೋಧಕ ಶಕ್ತಿ, ಒಳಗೆ ಅಡಗಿದ್ದ ಕ್ಷಯವನ್ನು ಗುರುತಿಸಿ ಹೋರಾಟಕ್ಕೆ ಇಳಿದಿರುತ್ತದೆ. ಇದಕ್ಕೆ ಚಿಕಿತ್ಸೆ ಬೇಕು, ತಡಮಾಡಬಾರದು. ಆದರೆ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಕ್ಷಯಕ್ಕೆ ಔಷಧಿ ಶುರುವಾದರೆ ಎಚ್‌ಐವಿ ಮಾತ್ರೆಯ ವಿಷಯವನ್ನೂ ತಪ್ಪದೆ ತಿಳಿಸಿ. ಡೊಲುಟೆಗ್ರಾವಿರ್ ಪ್ರಮಾಣವನ್ನು ಹೆಚ್ಚಿಸಬೇಕಾಗಬಹುದು.

ಭಾರತದಲ್ಲಿ 2004ರಿಂದ ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಈ ಚಿಕಿತ್ಸೆ ಉಚಿತ. 2017ರಿಂದ ಸಿಡಿ4 ಎಷ್ಟೇ ಇದ್ದರೂ, ಸೋಂಕು ಖಚಿತವಾದ ಎಲ್ಲರಿಗೂ ಕೊಡುತ್ತಾರೆ. ಹಬ್ಬಕ್ಕೋ ಮದುವೆಗೋ ಮುಂಬೈ, ಪುಣೆಯಿಂದ ಊರಿಗೆ ಹೊರಟರೆ ಅಷ್ಟು ದಿನದ ಮಾತ್ರೆಯನ್ನು ಮೊದಲೇ ಕೇಳಿ ಪಡೆಯಿರಿ. ಅಲ್ಲೇ ನೆಲೆಸುವುದಾದರೆ ಹತ್ತಿರದ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಿ. ಮಾಹಿತಿಗೆ ಉಚಿತ ಸಹಾಯವಾಣಿ 1097.