ಭೀಮೆಯೊಡನೆ ಕಡಲಿಗೆ ಹೋಗುವ ಕಬ್ಬಿಣ

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಎರೆನೆಲ ಹುಟ್ಟಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದ. ಆ ಲಾವಾ ಗಟ್ಟಿಯಾಗಿ ಆದ ಕಪ್ಪುಕಲ್ಲಿನ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಬ್ಬಿಣದ ಆಕ್ಸೈಡ್. ಅಲ್ಲಿ ಹರಿಯುವ ಭೀಮಾ ನದಿಯ ಒಣ ಮರಳಲ್ಲಿ ಅಯಸ್ಕಾಂತ ಆಡಿಸಿದರೆ ಸಣ್ಣ ಕಪ್ಪು ಹರಳುಗಳು ಮೀಸೆಯಂತೆ ಅಂಟಿ ನಿಲ್ಲುತ್ತವೆ. ಮಳೆಗಾಲದಲ್ಲಿ ಸೀನಾ, ಬೋರಿ ಹೊಳೆಗಳು ಈ ಮಣ್ಣನ್ನು ಭೀಮೆಗೆ ತರುತ್ತವೆ. ಭೀಮೆ ಅದನ್ನು ಕೃಷ್ಣೆಗೆ ಒಪ್ಪಿಸುತ್ತದೆ, ಕೃಷ್ಣೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ. ಉಪ್ಪುನೀರು ಸೋಕಿದೊಡನೆ, ನೀರಲ್ಲಿ ಕರಗಿದಂತಿದ್ದ ಕಬ್ಬಿಣದ ಬಹುಪಾಲು ಹೆಪ್ಪುಗಟ್ಟಿ ತಳಕ್ಕಿಳಿಯುತ್ತದೆ. ಮಿಕ್ಕ ಚೂರುಪಾರು ಕಡಲಿನ ಸೂಕ್ಷ್ಮಸಸ್ಯಗಳಿಗೆ ಬೇಕಾದ ಪೋಷಕಾಂಶ. ಮೀನಿನ ಬದುಕೂ ಆ ಸಸ್ಯಗಳ ಮೇಲೆಯೇ ನಿಂತಿದೆ.

ಮನುಷ್ಯ ಈ ಹರಿವನ್ನು ತಡೆದದ್ದೂ ಉಂಟು, ಹೆಚ್ಚಿಸಿದ್ದೂ ಉಂಟು. 12ನೇ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕಟ್ಟಿಸಿದ ಕೆರೆ ನೀರಿನ ಜೊತೆಗೆ ಹೂಳನ್ನೂ ಹಿಡಿದಿಟ್ಟಿತು. ಆಮೇಲೆ 1871ರ ಏಕರೂಖ ಕೆರೆ, 1980ರ ಉಜನಿ ಅಣೆಕಟ್ಟು ಬಂದವು. ಅತ್ತ ಕೃಷ್ಣೆಯ ನೀರಿನ ಇನ್ನೊಂದು ಮೂಲವಾದ ಭದ್ರೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅದಿರು ತೆಗೆದರು. ಮಳೆಗೆ ಕೊಚ್ಚಿದ ಗಣಿಮಣ್ಣು ಭದ್ರೆಗಿಳಿಯಿತು. ಅದಿರಿನ ರಾಡಿ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಪಣಂಬೂರು ಕಡಲತಡಿ ಸೇರಿತು.